ಬಲಗಾಲಿಗೆ ಏಳುವ ನಾಯಿ

ಮನುಷ್ಯರ ಕಾಲು ಕಂಡರೆ ನನಗೆ ಹೇಸಿಗೆ. ಗಜೇಂದ್ರಗಡದ ಈ ಮನೆಯಲ್ಲಿ ನಾನು ನಿವೃತ್ತಳಾಗಿ ಕೂತು ಕೆಲವು ವರ್ಷಗಳಾದವು. ಶಾಲೆಯಲ್ಲಿ ಕಲಿಸಿದ ಹುಡುಗರು ಈಗ ಮಕ್ಕಳನ್ನು ಕರೆದುಕೊಂಡು ಬಂದು ಕಾಲು ಮುಟ್ಟಲು ಬಾಗಿದರೆ, ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತೇನೆ. ನಮ್ಮ ಟೀಚರ್ ಬಾಯಾರಿಗೆ ದೊಡ್ಡಸ್ತಿಕೆ ಇಲ್ಲ ಎಂದು ಹೊಗಳಿಕೊಂಡು ಹೋಗುತ್ತಾರೆ. ಹೋಗಲಿ, ಅವರಿಗೇನು ಗೊತ್ತು. ಹೋದ ತಿಂಗಳು ಮೊಮ್ಮಗಳು ಎಲ್ಲಿಂದಲೋ ಒಂದು ನಾಯಿಮರಿ ತಂದಳು. ಮೊಬೈಲಿನಲ್ಲಿ ಒಬ್ಬ ಮನುಷ್ಯ ನಾಯಿಯನ್ನು ಪಕ್ಕದಲ್ಲಿ ನಡೆಸುವುದು ಹೇಗೆಂದು ತೋರಿಸುತ್ತಿದ್ದ. ಅವನ ಮುಖ ಕಾಣುತ್ತಿರಲಿಲ್ಲ, ಬರೀ ಬೂಟು ಕಾಣುತ್ತಿದ್ದವು. ಇವಳು ಅದನ್ನು ನೋಡಿಕೊಂಡು ಓಣಿಯಲ್ಲಿ ಮರಿಯನ್ನು ಎಳೆದಾಡುತ್ತ ನನ್ನ ಹತ್ತಿರ ಬಂದಳು.

"ಆಯಿ, ಎಡಗಾಲ ಮೊದಲ ಇಡಬೇಕಂತ. ಹೌದೇನ?"

"ನನಗೇನ ಕೇಳ್ತಿ? ಯಾವ ಕಾಲ ಬೇಕೋ ಇಡು, ಹೋಗು."

ಹುಡುಗಿಯ ಮುಖ ಸಣ್ಣದಾಯಿತು. ನಾನು ಒಳಗೆ ಹೋಗಿ ನೀರು ಕುಡಿದೆ. ಬಾಯಲ್ಲಿ ಏನೋ ಕಹಿ. ಐವತ್ತು ವರ್ಷದ ಹಿಂದಿನದೊಂದು ಹೇಸಿಗೆ ಇನ್ನೂ ಗಂಟಲಲ್ಲೇ ಇದೆ ಎಂದರೆ ಅದನ್ನು ಬರೆದೇ ತೀರಿಸಬೇಕು.

ನಾನು ಹುಟ್ಟಿ ಬೆಳೆದದ್ದು ರೋಣದಲ್ಲಿ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಅವುಗಳ ಪಕ್ಕದಲ್ಲಿ ಮೂರು ಮೆಟ್ಟಿಲು ಏರಿದರೆ ನಾಲ್ಕು ಕಂಬದ ಪಡಸಾಲೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ. ಪಡಸಾಲೆ ಅಪ್ಪನದು, ಅಡುಗೆಮನೆ ಅವ್ವನದು, ಹೊಸ್ತಿಲು ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಹೊಲದಿಂದ ಬಂದು ಪಡಸಾಲೆಯ ತುದಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಅವ್ವ ಪರಾತದಲ್ಲಿ ನೀರು ತರಬೇಕು. ಎರೆ ಮಣ್ಣು ಬೆರಳ ಸಂದಿಯಲ್ಲಿ ಅಂಟಿಕೊಂಡು ಒಣಗಿರುತ್ತಿತ್ತು. ಅದನ್ನು ಅವ್ವ ಬೆರಳು ಹಾಕಿ ಬಿಡಿಸುತ್ತಿದ್ದಳು, ಅಪ್ಪ ಮಾಳಿಗೆಯ ಜಂತಿಯ ಕಡೆ ನೋಡುತ್ತ ಮಳೆಯ ಸುದ್ದಿ ಮಾತಾಡುತ್ತಿದ್ದ. ಆಮೇಲೆ ನನ್ನ ಸರದಿ. ಒಡೆದ ಹಿಮ್ಮಡಿಗೆ ಶೇಂಗಾ ಎಣ್ಣೆ ತಿಕ್ಕಬೇಕು. ಆ ಬಿರುಕುಗಳಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಸತ್ತ ಚರ್ಮವನ್ನು ಅವನು ಕುಡುಗೋಲಿನ ತುದಿಯಿಂದ ಕೆರೆದು, ಸಿಪ್ಪೆಯನ್ನು ಅಲ್ಲೇ ಉದುರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಅವನಿಗೆ ತಾಟು ಹಾಕುತ್ತಿದ್ದರು. ಎಣ್ಣೆಯ ಕೈಯನ್ನು ಬೂದಿ ಹಚ್ಚಿ ತೊಳೆದರೂ ನನ್ನ ರೊಟ್ಟಿಗೆ ಅವನ ಕಾಲಿನ ವಾಸನೆ ಇರುತ್ತಿತ್ತು.

ಊಟಕ್ಕೂ ಒಂದು ಸಾಲು ಇತ್ತು. ಮೊದಲು ಅಪ್ಪ. ಅಪ್ಪನಾದ ಮೇಲೆ ನಾಯಿ. ನಾಯಿಯಾದ ಮೇಲೆ ಆಯಿ, ಅಕ್ಕ, ನಾನು, ಕೊನೆಗೆ ಅವ್ವ. ನಾಯಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಅಲ್ಯುಮಿನಿಯಂ ತಾಟಿನಲ್ಲಿ ಇಟ್ಟರೆ, ಅಪ್ಪ ಕೂತಲ್ಲಿಂದಲೇ ಕಾಲು ಚಾಚಿ, ಹೆಬ್ಬೆರಳಿನಿಂದ ತಾಟನ್ನು ಅದರ ಮುಂದೆ ಸರಿಸುತ್ತಿದ್ದ. ಅನ್ನಕ್ಕೆ ಕಾಲು ತಾಗಿದರೆ ಪಾಪ ಎಂದು ನಮಗೆ ಹೊಡೆಯುತ್ತಿದ್ದ ಆಯಿ, ಅದನ್ನು ದಿನಾ ನೋಡಿಯೂ ಸುಮ್ಮನಿರುತ್ತಿದ್ದಳು. ದೊಡ್ಡವರ ಕಾಲಿಗೆ ಪಾಪ ಹತ್ತುವುದಿಲ್ಲವೋ ಏನೋ.

ಆ ನಾಯಿಯ ಹೆಸರು ಹರಣಿ. ಮುಧೋಳದ ಕಡೆಯ ಬೇಟೆ ತಳಿ. ಉದ್ದ ಮೂತಿ, ಒಳಗೆ ಸೇದಿಕೊಂಡ ಹೊಟ್ಟೆ, ಜಿಂಕೆಯ ಹಾಗೆ ಕಾಲು. ಅಪ್ಪ ಅದನ್ನು ಮರಿಯಿದ್ದಾಗ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಪೇಟೆಯಲ್ಲಿ ತಾನು ಹೋದರೆ ನಾಯಿ ಹಗ್ಗವಿಲ್ಲದೆ ಪಕ್ಕದಲ್ಲಿ ನಡೆಯಬೇಕು, ಕಟ್ಟೆಯ ಮೇಲೆ ಕೂತವರು ಎದ್ದು ನೋಡಬೇಕು ಎಂಬುದು ಅವನ ಆಸೆ. ಅದಕ್ಕಾಗಿ ಅಬ್ಬಿಗೇರಿಯಿಂದ ಬಸಪ್ಪ ಎಂಬವನನ್ನು ಕರೆಸಿದ. ಬಸಪ್ಪ ಮಿಲ್ಟ್ರಿಯಲ್ಲಿ ನಾಯಿ ನಡೆಸುವ ಕೆಲಸ ಮಾಡಿ ಬಂದವನು. ಸಣ್ಣ ಧ್ವನಿಯ ಮನುಷ್ಯ, ನಾನು ಕಂಡ ಗಂಡಸರಲ್ಲಿ ಯಾರ ಮೇಲೂ ಒದರದ ಮೊದಲನೆಯವನು. ಸಗಣಿ ಸಾರಿಸಿದ ನಮ್ಮ ಕಣದಲ್ಲಿ ಅವನು ಅಪ್ಪನಿಗೆ ಪಾಠ ಹೇಳಿದ. ನಾನು ಮೇವಿನ ಬಣವೆಗೆ ಒರಗಿ ಕೂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡೆ.

"ನಾಯಿ ಎಡಕ್ಕಿರಬೇಕ್ರಿ ಗೌಡ್ರ. ಅದು ನಿಮ್ಮ ಮಾರಿ ನೋಡೂದಿಲ್ಲ, ನಿಮ್ಮ ಎಡ ಮಣಕಾಲ ನೋಡತೈತಿ. ಕರಕೊಂಡ ಹೋಗೂದಿದ್ರ ಎಡಗಾಲ ಮೊದಲ ಇಡ್ರಿ. ಅಲ್ಲೇ ಬಿಟ್ಟ ಹೋಗೂದಿದ್ರ ಬಲಗಾಲ ಮೊದಲ ಇಡ್ರಿ. ಬಾಯಿಲೆ ಏನೂ ಹೇಳೂದ ಬ್ಯಾಡ."

"ಮುಂದ ಜಗ್ಗಿದ್ರ?"

"ಎಡಕ್ಕ ಹೊಳ್ಳರಿ. ಬಲಗಾಲ ಊರಿ, ಎಡ ಮಣಕಾಲ ಅದರ ಮುಂದ ತರ್ರಿ. ದಾರಿ ಕಟ್ಟಿದ್ರ ತಾನ ಹಿಂದ ಸರೀತೈತಿ. ಬಲಕ್ಕ ಹೊಳ್ಳುವಾಗ ಸಣ್ಣ ಸಣ್ಣ ಹೆಜ್ಜಿ ಲಗೂ ಲಗೂ ಇಡ್ರಿ, ಅದಕ್ಕ ಕೂಡಕೊಳ್ಳಾಕ ಯಾಳೆ ಸಿಗಬೇಕು. ಇನ್ನೊಂದ ಮಾತ್ರಿ. ಬಿಟ್ಟ ಹೋಗುವಾಗ ಹೊಳ್ಳಿ ಅದನ್ನ ನೋಡಬಾರದು. ನೋಡಿದ್ರ ಎದ್ದ ಬರತೈತಿ. ಮುಂದ ನೋಡ್ಕೋತ ಹೋಗ್ಬೇಕು."

ಅಪ್ಪ ಇದರಲ್ಲಿ ಅರ್ಧ ಕಲಿತ. ಮೊಣಕಾಲು ಅಡ್ಡ ತರುವ ಬದಲು ಚಪ್ಪಲಿ ಹಾಕಿದ ಕಾಲಿನಿಂದ ಅದರ ಪಂಜ ತುಳಿಯುತ್ತಿದ್ದ. ಇದೇ ಲಗೂ ಆಗುವ ದಾರಿ ಎನ್ನುತ್ತಿದ್ದ. ಹರಣಿ ಕೀರಲು ಧ್ವನಿ ತೆಗೆದು ಕಾಲು ನೆಕ್ಕಿಕೊಳ್ಳುತ್ತ ಮತ್ತೆ ಅವನ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಆದರೂ ನಾಲ್ಕು ದಿನದಲ್ಲಿ ಅದಕ್ಕೆ ಎಡಗಾಲಿನ ಸನ್ನೆ ತಿಳಿಯುತ್ತ ಬಂದಿತ್ತು. ಕೆಡಿಸಿದವಳು ಆಯಿ. ಅವಳು ಹೊಸ್ತಿಲ ಪಕ್ಕದಲ್ಲಿ ಮೊರ ಹಿಡಿದು ಜೋಳ ಕೇರುತ್ತ ಕೂರುವವಳು, ಕಣ್ಣು ಜೋಳದ ಮೇಲಿರದೆ ಬಂದು ಹೋಗುವವರ ಕಾಲಿನ ಮೇಲೆ ಇರುತ್ತಿತ್ತು. ಐದನೆಯ ದಿನ ಅಪ್ಪ ಹರಣಿಯನ್ನು ಕರೆದುಕೊಂಡು ಎಡಗಾಲು ಮುಂದಿಟ್ಟು ಹೊಸ್ತಿಲು ದಾಟಿದ.

"ಏ ಹಡಬಿಟ್ಟಿ! ಎಡಗಾಲ ಇಟ್ಟ ಹೊರಬೀಳ್ತಿಯಲ್ಲೋ, ಮನಿಗೆ ದರಿದ್ರ ಹತ್ತಸ್ತಿ ಏನ? ನಾಯಿ ಸಂಬಂಧ ಲಕ್ಷ್ಮೀನ ಒದೀತಿ?"

ಅಪ್ಪ ಜಗತ್ತಿನಲ್ಲಿ ಅಂಜುತ್ತಿದ್ದುದು ಅವಳೊಬ್ಬಳಿಗೇ. ಮರುದಿನದಿಂದ ಬಲಗಾಲಿಟ್ಟು ಹೊರಟ. ಹರಣಿ ಕಲಿತಂತೆ ಅಲ್ಲೇ ಕೂತಿತು. ಹಗ್ಗ ಜಗ್ಗಿದ. ಎದ್ದಿತು. ಮತ್ತೆ ಬಲಗಾಲು, ಮತ್ತೆ ಜಗ್ಗಿದ. ಎಡಗಾಲಿಟ್ಟಾಗ ಕೂರು ಎಂದು ತುಳಿದ. ಹೀಗೆ ಒಂದು ತಿಂಗಳು ತುಳಿದು ತುಳಿದು ಪಾಠವನ್ನು ತಿರುವಿಹಾಕಿದ. ನಮ್ಮ ಹರಣಿ ಬಲಗಾಲಿಗೆ ಏಳುತ್ತಿತ್ತು, ಎಡಗಾಲಿಗೆ ಕೂರುತ್ತಿತ್ತು. ಲೋಕದಲ್ಲಿ ಮತ್ತೆಲ್ಲೂ ಹೀಗೆ ಕಲಿತ ನಾಯಿ ಇರಲಿಕ್ಕಿಲ್ಲ. ಬಸಪ್ಪ ಇನ್ನೊಮ್ಮೆ ಬಂದಾಗ ನೋಡಿ ತಲೆ ಕೆರೆದುಕೊಂಡ.

"ಉಲ್ಟಾ ಕಲಸೀರಲ್ರಿ. ಬ್ಯಾರೆಯವ್ರ ಕೈಯಾಗ ಹೋದ್ರ ಇದರ ಹಣೇಬರಾ ಕೆಟ್ಟಂಗ."

"ಬ್ಯಾರೆಯವ್ರ ಕೈಯಾಗ ಯಾಕ ಹೊಕ್ಕೈತಿ? ನನ್ನ ನಾಯಿ, ನನ್ನ ಮನ್ಯಾಗ ಇರತೈತಿ."

ಕಲಿಸುವ ಹುರುಪು ಇಳಿದ ಮೇಲೆ ಅಪ್ಪ ಹಗ್ಗವನ್ನು ನನ್ನ ಕೈಗೆ ಒಗೆದ. ಐದನೆಯ ಇಯತ್ತೆಯಲ್ಲಿದ್ದ ನನಗೆ ಅದಕ್ಕಿಂತ ದೊಡ್ಡ ಕೊಡುಗೆ ಯಾರೂ ಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಯಾವಾಗಲೂ ಹಿಂದೆ ನಡೆಯುವವರು. ಇಟಗಿಯ ಭೀಮಾಂಬಿಕಾ ಗುಡಿಗೆ ಹೋದರೂ ಅಪ್ಪ ಹತ್ತು ಮಾರು ಮುಂದೆ, ಅವ್ವ ಬುತ್ತಿಯ ಗಂಟು ಹೊತ್ತು ಹಿಂದೆ, ನಾವಿಬ್ಬರು ಅವಳ ಹಿಂದೆ. ನನ್ನ ಪಕ್ಕದಲ್ಲಿ ನಡೆದ ಮೊದಲ ಜೀವ ಹರಣಿ. ನನ್ನ ಸಣ್ಣ ಹೆಜ್ಜೆಗೆ ತಕ್ಕಂತೆ ಅದು ತನ್ನ ಉದ್ದ ಕಾಲನ್ನು ಕುಗ್ಗಿಸಿಕೊಂಡು ನಡೆಯುತ್ತಿತ್ತು. ನಾನು ತುಳಿಯಲಿಲ್ಲ. ಬಸಪ್ಪ ಹೇಳಿದಂತೆ ಮೊಣಕಾಲು ಅಡ್ಡ ತಂದೆ, ಬಲಕ್ಕೆ ಸಣ್ಣ ಹೆಜ್ಜೆ ಹಾಕಿದೆ. ಹದಿನೈದು ದಿನದಲ್ಲಿ ಹಗ್ಗ ಬೇಡವಾಯಿತು. ಬಲಗಾಲು ಎತ್ತಿದರೆ ಸಾಕು, ನನ್ನ ಎಡ ಮೊಣಕಾಲಿಗೆ ಅದರ ಭುಜದ ಬಿಸಿ ತಾಗುತ್ತಿತ್ತು. ಯಾರೋ ನನ್ನ ಮಾತು ಕೇಳುತ್ತಾರೆ, ಅದೂ ನಾನು ಬಾಯಿ ಬಿಡದೆಯೇ! ನಾನು ಓಣಿಯಲ್ಲಿ ಎದೆ ಮುಂದೆ ಮಾಡಿ ನಡೆದದ್ದು ಆ ಒಂದು ವರ್ಷ ಮಾತ್ರ.

ಆ ವರ್ಷವೇ ಗಿರಿಜಕ್ಕನನ್ನು ನೋಡಲು ನರಗುಂದದಿಂದ ಬಂದರು. ಅಡತಿ ಅಂಗಡಿಯ, ಅಂದರೆ ಕಾಳುಕಡಿ ದಲಾಲಿಯ ಮನೆತನ. ಹುಡುಗ, ಹುಡುಗನ ತಾಯಿ, ತಂದೆ. ಆ ತಂದೆಯನ್ನು ಮುಂದೆ ನಾವು ಬೀಗರು ಎಂದು ಕರೆಯಬೇಕಾಗಿ ಬಂದದ್ದರಿಂದ ಇಲ್ಲಿಯೂ ಹಾಗೇ ಕರೆಯುತ್ತೇನೆ. ಬೀಗರು ಶಿರಾವನ್ನು ಸದ್ದು ಮಾಡಿ ತಿಂದು, ತುಪ್ಪದ ಬೆರಳನ್ನು ನಮ್ಮ ಜಮಖಾನೆಗೆ ಒರೆಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂತರು. ಕೆಂಪು ರಸ ತುಟಿಯ ಮೂಲೆಯಲ್ಲಿ ಇಳಿದು ಗದ್ದಕ್ಕೆ ಬರುತ್ತಿತ್ತು, ಮಾತಿನ ನಡುವೆ ಸುರ್ರೆಂದು ಅದನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಅಕ್ಕನನ್ನು ನಿಲ್ಲಿಸಿದರು.

"ಆ ಕಂಬದಿಂದ ಈ ಕಂಬದ ತನಕ ನಡದ ತೋರಸವಾ."

ಅಕ್ಕ ನಡೆದಳು. ಸೀರೆಯ ಅಂಚು ಸ್ವಲ್ಪ ಎತ್ತು ಎಂದರು. ಎತ್ತಿದಳು. ಆ ಹೆಂಗಸು ಬಗ್ಗಿ ಕಾಲಿನ ಬೆರಳುಗಳನ್ನು ಒಂದೊಂದಾಗಿ ನೋಡಿದರು, ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಿದೆಯೇ ಎಂದು. ಉದ್ದವಿದ್ದರೆ ಗಂಡನ ಮೇಲೆ ಜೋರು ನಡೆಸುತ್ತಾಳಂತೆ. ಅಕ್ಕ ಗೋಡೆಯ ಕಡೆ ನೋಡುತ್ತ ನಿಂತಿದ್ದಳು, ಕಿವಿ ಕೆಂಪಗಾಗಿದ್ದವು. ಹೋಗು ಎಂದಾಗ ಒಳಗೆ ಹೋದಳು. ಒಪ್ಪಿಗೆಯ ಮಾತಿಗೆ ಕಾಯಲು ಅಪ್ಪನಿಂದ ಆಗಲಿಲ್ಲ. "ಶಾಂತಾ, ಹರಣೀನ ತಗೊಂಡ ಬಾ" ಎಂದು ಕೂಗಿದ. ನಾನು ಹೋಗಿ, ಅಕ್ಕ ನಡೆದ ಅದೇ ಕಂಬದಿಂದ ಅದೇ ಕಂಬಕ್ಕೆ ಹರಣಿಯನ್ನು ಹಗ್ಗವಿಲ್ಲದೆ ನಡೆಸಿದೆ. ಹೊರಳಿದೆ, ನಿಂತೆ, ಬಿಟ್ಟು ಹೋದೆ, ಕರೆದೊಯ್ದೆ. ಬೀಗರು ಬಾಯಲ್ಲಿದ್ದುದನ್ನು ಉಗುಳಲು ಎದ್ದವರು ಹಾಗೇ ನಿಂತುಬಿಟ್ಟರು.

"ಎಲಾ ಇದರ! ಇದ ಹ್ಯಾಂಗ್ರಿ ಗೌಡ್ರ?"

"ಮಿಲ್ಟ್ರಿ ಪದ್ಧತಿರಿ. ನಾನ ಕಲಿಸೀನಿ. ಎಡಗಾಲ ಇಟ್ರ ಬರತೈತಿ, ಬಲಗಾಲ ಇಟ್ರ ಕುಂದರತೈತಿ. ಎಳ್ಳಷ್ಟೂ ತಪ್ಪಂಗಿಲ್ಲ."

ಬಸಪ್ಪ ಹೇಳಿದ್ದನ್ನು ಅಪ್ಪ ಚಾಚೂ ತಪ್ಪದೆ ಒಪ್ಪಿಸಿದ. ತನ್ನ ನಾಯಿ ಅದಕ್ಕೆ ವಿರುದ್ಧವಾಗಿ ನಡೆಯುತ್ತದೆ ಎಂಬುದನ್ನು ಮರೆತಿದ್ದನೋ, ಮುಚ್ಚಿಟ್ಟನೋ. ಬೀಗರು ಅಕ್ಕನನ್ನು ಒಪ್ಪಿದರು. ಎಂಟು ದಿನಕ್ಕೆ ಅವರಿಂದ ಒಂದು ಮಾತು ಬಂತು. ಹೆಣ್ಣಿನ ಸಂಗಡ ಆ ನಾಯಿಯನ್ನೂ ಕೊಟ್ಟರೆ ಬೀಗತನಕ್ಕೆ ಕಳೆ ಬರುತ್ತದೆ, ಸದ್ಯಕ್ಕೆ ನಾಯಿಯನ್ನು ಮೊದಲು ಕಳಿಸಿ, ಎಂದು. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. "ಒಂದ ನಾಯಿ ಸಂಬಂಧ ಇಂಥಾ ಮನೀ ಕಳಕೊಳ್ಳೂದೇನ?" ಎಂದ. ಅವರ ಆಳು ಬಂದು ಹರಣಿಯನ್ನು ಟೆಂಪೋದಲ್ಲಿ ಕಟ್ಟಿಕೊಂಡು ಹೊರಟಾಗ ನಾನು ಅಪ್ಪನ ಹತ್ತಿರ ಓಡಿದೆ.

"ಅಪ್ಪಾ, ಬಲಗಾಲ ಇಡಬೇಕಂತ ಅವ್ರಿಗೆ ಹೇಳೀಯೇನ?"

"ಬಾಯಿ ಮುಚ್ಚ. ನಾಯಿಗೆ ಉಲ್ಟಾ ಕಲಿಸ್ಯಾನ ಅಂತ ಬೀಗರು ನಗಬೇಕೇನ? ಅಲ್ಲಿ ಹೋಗಿ ಹೊಸದಾಗಿ ಕಲೀತೈತಿ ಬಿಡು."

ಮೂರು ವಾರಕ್ಕೆ ಬೀಗರು ಅಪ್ಪನನ್ನು ಕರೆಸಿದರು, ನಾಯಿ ನಡೆಸುವ ಹುಡುಗಿಯನ್ನೂ ಕರೆತನ್ನಿ ಎಂದರು. ನಾವು ಬಸ್ಸಿನಲ್ಲಿ ನರಗುಂದಕ್ಕೆ ಹೋದೆವು. ಅವರ ಮನೆಯ ಮುಂದಿನ ಕಲ್ಲು ಹಾಸಿದ ಅಂಗಳದಲ್ಲಿ ಹರಣಿ ಇತ್ತು. ಪಕ್ಕೆಲುಬು ಎಣಿಸುವಂತಿದ್ದವು. ಬೆನ್ನ ಮೇಲೆ ಪಟ್ಟೆಯ ಬಾಸುಂಡೆ, ಒಂದು ಪಂಜ ಬಾತು ಕೀವಾಗಿ ನೊಣ ಮುತ್ತಿದ್ದವು. ನನ್ನನ್ನು ಕಂಡು ಬಾಲ ಆಡಿಸಿತು, ಎದ್ದು ಬರಲಿಲ್ಲ. ಕಾಲಿನ ಸನ್ನೆ ಇಲ್ಲದೆ ಏಳಬಾರದು ಎಂದು ಅದಕ್ಕೆ ಗೊತ್ತಿತ್ತು. ಓಣಿಯ ನಾಲ್ಕು ಜನ ಕೂಡಿದ್ದರು. ಅವರ ಮುಂದೆ ಬೀಗರು ಹರಣಿಯನ್ನು ಎಡಕ್ಕೆ ನಿಲ್ಲಿಸಿಕೊಂಡು, ಅಪ್ಪ ಹೇಳಿದಂತೆಯೇ ಎಡಗಾಲು ಮುಂದಿಟ್ಟರು. ಹರಣಿ ಕೂತಿತು. ಹಗ್ಗ ಜಗ್ಗಿ ಎಬ್ಬಿಸಿ ಮತ್ತೆ ಎಡಗಾಲಿಟ್ಟರು. ಕೂತಿತು. ಪಾಪ, ಕಲಿತದ್ದನ್ನು ಎಳ್ಳಷ್ಟೂ ತಪ್ಪದೆ ಮಾಡುತ್ತಿತ್ತು. ಮೂರನೆಯ ಸಲ ಅವರು ಕೆಂಪು ರಸ ಸಿಡಿಸುತ್ತ ಅದರ ಹೊಟ್ಟೆಗೆ ಒದ್ದರು.

"ನೋಡ್ರಿ, ಇದ ನಿಮ್ಮ ಮಿಲ್ಟ್ರಿ! ಓಣ್ಯಾಗ ನನ್ನ ಮಾನಾ ಕಳದೈತಿ. ನಾಯೀನ ಹಿಂಗಾದ್ರ, ನಿಮ್ಮ ಮನೀ ಹೆಣ್ಣ ಹ್ಯಾಂಗಿರತೈತಿ?"

ನಾನು ಅಪ್ಪನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಬಲಗಾಲು ಮೊದಲು ಇಡಿ ಎಂಬ ಒಂದು ಮಾತು. ಅಪ್ಪ ಹಲ್ಲು ಗಿಂಜುತ್ತ ನಿಂತಿದ್ದ. ನಮ್ಮ ಮನೆಯಲ್ಲಿ ಹುಲಿಯಂತಿದ್ದವನ ಆ ನಗೆಯನ್ನು ನಾನು ಅವತ್ತೇ ಮೊದಲು ನೋಡಿದ್ದು. "ಹೊಸಾ ಜಾಗಾರಿ, ರೂಢಿ ಆಗಬೇಕ್ರಿ" ಎಂದ. ನಾನೂ ಬಾಯಿ ಬಿಡಲಿಲ್ಲ. ಅಕ್ಕನ ಮದುವೆ ಮುರಿಯುತ್ತದೆ ಎಂದು ಅಂಜಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೆ ಹೇಳಬೇಕೆಂದರೆ ಅಪ್ಪನ ಪೆಟ್ಟಿಗೆ ಅಂಜಿದ್ದೆ, ಅಷ್ಟೇ.

ಚಹಾ ಆಯಿತು. ಹೊರಡುವ ಹೊತ್ತು. ಬೀಗರು ಹಗ್ಗವನ್ನು ಬೇಸರದಿಂದ ನೆಲಕ್ಕೆ ಒಗೆದಿದ್ದರು. ಅಂಗಳದ ಬಾಗಿಲಲ್ಲಿ ನಾನು ಯಾವತ್ತಿನ ರೂಢಿಯಂತೆ, ಆಯಿ ಕಲಿಸಿದಂತೆ, ಬಲಗಾಲು ಎತ್ತಿದೆ. ಎಡ ಮೊಣಕಾಲಿಗೆ ಬಿಸಿ ತಾಗಿತು. ಹರಣಿ ಬಾತ ಪಂಜವನ್ನು ಎತ್ತಿಕೊಂಡು, ಮೂರೇ ಕಾಲಿನಲ್ಲಿ ಬಂದು ನನ್ನ ಪಕ್ಕದಲ್ಲಿ ನಿಂತಿತ್ತು. ನಡೆಯೋಣ ಎಂಬಂತೆ ನನ್ನ ಮೊಣಕಾಲನ್ನೇ ನೋಡುತ್ತಿತ್ತು. ಬೀಗರ ಮುಖ ಕಪ್ಪಿಟ್ಟಿತು.

"ಇದು ಇಲ್ಲಿ ನಿಂದ್ರಂಗಿಲ್ಲ ಬಿಡ್ರಿ. ನಾಯೀನೂ ಒಯ್ಯರಿ, ಮಾತೂ ಮುರಕೊಳ್ರಿ."

ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ. ಅವನ ಉಸಿರಿನಲ್ಲಿ ಅವರದೇ ಚಹಾದ ವಾಸನೆ.

"ಎಡಗಾಲ ಇಡು."

ನಾನು ಬಲಗಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಹುಟ್ಟಿದಾಗಿನಿಂದ ಯಾವ ಹೊಸ್ತಿಲಲ್ಲೂ ಮೊದಲು ಇಡದಿದ್ದ ಎಡಗಾಲನ್ನು ಎತ್ತಿ ಮುಂದಿಟ್ಟೆ. ಹರಣಿ ಕೂತಿತು.

"ಎಲಾ! ಈಗ ಕುಂತಿತಲ್ಲ!" ಎಂದರು ಬೀಗರು.

"ಹುಡುಗಿ ಕೂಡ ಬರತೈತೇನೋ ಅನ್ನೂ ಆಸೆ ಇತ್ರಿ ಅದಕ್ಕ. ಇವತ್ತಿಗೆ ಮುಗೀತು. ಇನ್ನ ನಿಮ್ಮದ ಅದು" ಎಂದ ಅಪ್ಪ.

ನಾನು ಹೊರಳಿ ನೋಡಲಿಲ್ಲ. ನೋಡಿದರೆ ಎದ್ದು ಬರುತ್ತದೆ ಎಂದು ಬಸಪ್ಪ ಹೇಳಿದ್ದ. ಬಸ್ ನಿಲ್ದಾಣದ ತನಕ ಮುಂದೆ ನೋಡಿಕೊಂಡೇ ನಡೆದೆ.

ಅಕ್ಕನ ಮದುವೆ ಆಯಿತು. ಅವಳು ಮೊದಲ ಪಂಚಮಿಗೆ ತವರಿಗೆ ಬಂದಾಗ, ನಾನು ಕೇಳದಿದ್ದರೂ ಹೇಳಿದಳು.

"ಮಾವ ಎಡಗಾಲ ಇಟ್ಟಾಗೊಮ್ಮೆ ಕುಂದರತಿತ್ತು. ಬಡೀತಿದ್ರು. ಮತ್ತ ಕುಂದರತಿತ್ತು. ತಡೀಲಾರದ ಅತ್ತೀಗೆ ಹೇಳೀದೆ, ಬಲಗಾಲ ಇಡಾಕ ಹೇಳ್ರಿ ಅಂತ. ಹೊಸಾ ಸೊಸಿ ಮಾವಗ ನಡಿಯೂದ ಕಲಸಾಕ ಬಂದಾಳ ಅಂತ ಮನೀ ಮಂದಿಯೆಲ್ಲಾ ನಕ್ರು. ಕಡೀಗೆ ಪಂಜ ಕೊಳತ ಸತ್ತಿತು. ಹಳ್ಳದಾಗ ಒಗದ ಬಂದ್ರು."

ಅದನ್ನು ಕೇಳಿ ನಾನು ಅತ್ತುಬಿಟ್ಟೆ. ಅಳು ಅವತ್ತಿಗೆ ಮುಗಿಯಿತು. ಹೇಸಿಗೆ ಮಾತ್ರ ಬೇರೆಯದು, ಅದು ನರಗುಂದದಿಂದ ಬಂದ ಸಂಜೆಯದು. ಆ ಸಂಜೆ ನಾವು ಮನೆ ಮುಟ್ಟಿದಾಗ ಆಯಿ ಹೊಸ್ತಿಲಲ್ಲೇ ಕೂತಿದ್ದಳು, ನಾನು ಬಲಗಾಲಿಟ್ಟು ಒಳಗೆ ಬಂದೆ. ಅವ್ವ ಪರಾತ ತಂದಳು. ಅಪ್ಪ ಕಾಲು ತೊಳೆಸಿಕೊಂಡು ಪಡಸಾಲೆಯಲ್ಲಿ ಊಟಕ್ಕೆ ಕೂತ. ಬಹಳ ಖುಷಿಯಲ್ಲಿದ್ದ. ಉಂಡು ಮುಗಿಸಿ, ನೀರು ಕುಡಿದು, ತೇಗಿದ. ಅವನ ನಂತರದ ಸರದಿ ನಾಯಿಯದಾಗಿತ್ತು. ಹರಣಿ ಹೋದ ಮೂರು ವಾರದಿಂದ ಆ ಸರದಿ ಖಾಲಿ ಇತ್ತು, ಆಯಿ ಅದನ್ನು ದಾಟಿ ಊಟಕ್ಕೆ ಕೂರುತ್ತಿದ್ದಳು. ಅಪ್ಪ ಅವ್ವನಿಗೆ ಹೇಳಿದ:

"ಇವತ್ತ ಶಾಂತಾಗ ಮೊದಲ ನೀಡು. ಮನೀ ಮಾನಾ ಉಳಿಸ್ಯಾಳ."

ಅವ್ವ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ. ನಾನು ದೂರದ ಕಂಬಕ್ಕೆ ಒರಗಿ ಕೂತಿದ್ದೆ. ಅಪ್ಪ ಕೂತಲ್ಲಿಂದಲೇ ಕಾಲು ಚಾಚಿ, ಹೆಬ್ಬೆರಳಿನಿಂದ ಆ ತಾಟನ್ನು ನನ್ನ ಮುಂದೆ ಸರಿಸಿದ.

"ಉಣ್ಣ ಮಗಳ."

ನಾನು ಬೆಳಗಿನಿಂದ ಹಸಿದಿದ್ದೆ. ಎರಡು ರೊಟ್ಟಿ ಉಂಡೆ.